ಲೇಖನಕ್ಕೂ ಒಂದು ಪಹಣಿ: ಲೇಖಕ–ವರ್ಷ ಪದ್ಧತಿಯಲ್ಲಿ ಜರ್ನಲ್ ಲೇಖನವನ್ನು ಉಲ್ಲೇಖಿಸುವ ಕ್ರಮ

ಪ್ರಬಂಧದ ಅಧ್ಯಾಯಗಳೆಲ್ಲ ಮುಗಿದು ಬೈಂಡಿಂಗ್‌ಗೆ ಕೊಡುವ ಹಿಂದಿನ ವಾರ ವಿದ್ಯಾರ್ಥಿ ಸಿಕ್ಕಿಬೀಳುವುದು ಕೊನೆಯ ಕೆಲವು ಪುಟಗಳಲ್ಲಿ, ಅಂದರೆ ಆಕರಪಟ್ಟಿಯಲ್ಲಿ. ಹಿಂದೆ ಇದು ಪಿಎಚ್.ಡಿ. ಮಾಡುವವರ ತಲೆನೋವಾಗಿತ್ತು. ಈಗ ಎಂ.ಎ., ಎಂ.ಎಸ್ಸಿ., ಬಿ.ಎಡ್. ಪ್ರಾಜೆಕ್ಟ್‌ಗಳಿಗೂ ‘ಎಪಿಎ ಪ್ರಕಾರ ರೆಫರೆನ್ಸ್ ಹಾಕಿ’ ಎಂಬ ಸೂಚನೆ ಬರುತ್ತದೆ (ಎಪಿಎ ಎಂದರೆ ಅಮೆರಿಕದ ಮನೋವಿಜ್ಞಾನ ಸಂಘದ ಉಲ್ಲೇಖ ಶೈಲಿ). ಹಾಗೆಂದರೇನು ಎಂದು ಹೇಳಿಕೊಡುವ ತರಗತಿ ಮಾತ್ರ ಎಷ್ಟೋ ಕಡೆ ಇರುವುದಿಲ್ಲ.

ಇದರ ಹಿಂದೆ ನಿಯಮದ ಬಲವೂ ಇದೆ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ 10ರಿಂದ 40ರವರೆಗಿದ್ದರೆ ಆರು ತಿಂಗಳು ಮೀರದ ಗಡುವಿನಲ್ಲಿ ಪ್ರಬಂಧವನ್ನು ತಿದ್ದಿ ಕೊಡಬೇಕು. ಶೇ 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಮೂಲವನ್ನು ಹೇಳಿ ಎತ್ತಿಕೊಂಡ ಉದ್ಧರಣೆಯನ್ನೂ ಆಕರಪಟ್ಟಿಯನ್ನೂ ಈ ಲೆಕ್ಕದಿಂದ ಹೊರಗಿಡಬೇಕೆಂದು ಅದೇ ನಿಯಮ ಹೇಳುತ್ತದೆ. ಆದ್ದರಿಂದ ಉಲ್ಲೇಖ ಸರಿಯಾಗಿದೆಯೇ ಇಲ್ಲವೇ ಎಂಬುದು ಬರೀ ಅಂದಚೆಂದದ ಮಾತಲ್ಲ.

## ಏನಿದು ಲೇಖಕ–ವರ್ಷ ಪದ್ಧತಿ?

ಕನ್ನಡ ಸಂಶೋಧನೆಯಲ್ಲಿ ನಮಗೆ ಹೆಚ್ಚು ರೂಢಿ ಇರುವುದು ಅಡಿಟಿಪ್ಪಣಿ. ವಾಕ್ಯದ ಮೇಲೆ ಚಿಕ್ಕ ಅಂಕಿ, ಪುಟದ ಬುಡದಲ್ಲಿ ಪುಸ್ತಕದ ಹೆಸರು, ಮುಂದಿನ ಸಲ ‘ಅದೇ, ಪು. 45’. ಲೇಖಕ–ವರ್ಷ ಪದ್ಧತಿಯಲ್ಲಿ ಅಂಕಿ ಇಲ್ಲ. ಲೇಖಕರ ಹೆಸರು ಮತ್ತು ಪ್ರಕಟಣೆಯ ವರ್ಷ ವಾಕ್ಯದೊಳಗೇ ಬರುತ್ತವೆ. ಉಳಿದ ವಿವರವೆಲ್ಲ ಕೊನೆಯ ಆಕರಪಟ್ಟಿಯಲ್ಲಿ ಇರುತ್ತದೆ.

ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದ ಹಾಗೆ. ಕೈಯಲ್ಲಿರುವುದು ಚಿಕ್ಕ ಬಿಲ್ಲೆ, ಒಳಗಿರುವುದು ಗೂಡು. ಬಿಲ್ಲೆ ಇದ್ದು ಗೂಡು ಇಲ್ಲದಿದ್ದರೆ ಜಗಳ, ಗೂಡು ಇದ್ದು ಬಿಲ್ಲೆ ಇಲ್ಲದಿದ್ದರೆ ಅನುಮಾನ. ವಾಕ್ಯದೊಳಗೆ ಬಂದ ಪ್ರತಿ ಹೆಸರಿಗೂ ಪಟ್ಟಿಯಲ್ಲಿ ಒಂದು ನಮೂದು ಇರಬೇಕು, ಪಟ್ಟಿಯ ಪ್ರತಿ ನಮೂದೂ ಒಮ್ಮೆಯಾದರೂ ವಾಕ್ಯದಲ್ಲಿ ಬಂದಿರಬೇಕು. ಓದಿದ್ದನ್ನೆಲ್ಲ ಪೇರಿಸುವ ‘ಪರಾಮರ್ಶನ ಗ್ರಂಥಗಳು’ ಬೇರೆ, ಉಲ್ಲೇಖಿಸಿದ್ದನ್ನು ಮಾತ್ರ ಕೊಡುವ ಆಕರಪಟ್ಟಿ ಬೇರೆ. ಎಪಿಎ ಕೇಳುವುದು ಎರಡನೆಯದನ್ನು.

ಈ ಪದ್ಧತಿಯ ಮೊದಲ ಬಳಕೆಯನ್ನು ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಬರೆದ ಪ್ರಬಂಧದಲ್ಲಿ ಗುರುತಿಸುತ್ತಾರೆ. ಅದರ ವಿಷಯ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಯ ಬೆಳವಣಿಗೆ! ‘ಹಾರ್ವರ್ಡ್ ಶೈಲಿ’ ಎಂಬ ಹೆಸರು ಬಂದದ್ದು ಹೀಗೆ. ಆದರೆ ಹಾರ್ವರ್ಡ್ ಶೈಲಿಗೆ ಒಂದೇ ಅಧಿಕೃತ ಕೈಪಿಡಿ ಇಲ್ಲ, ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ರೂಪ. ಅಮೆರಿಕದ ಮನೋವಿಜ್ಞಾನ ಸಂಘದ ಎಪಿಎ ಶೈಲಿ ಹಾಗಲ್ಲ. 1929ರಲ್ಲಿ ಏಳು ಪುಟಗಳ ಸೂಚನೆಯಾಗಿ ಹುಟ್ಟಿದ ಅದಕ್ಕೆ ಈಗ ದಪ್ಪ ಕೈಪಿಡಿಯೇ ಇದೆ. 7ನೇ ಆವೃತ್ತಿ 2019ರಲ್ಲಿ ಬಂತು. ಮುಂದೆ ಹೇಳುವುದು ಆ ಆವೃತ್ತಿಯ ಕ್ರಮವನ್ನೇ. ನಿಮ್ಮ ಮಾರ್ಗದರ್ಶಕರು ‘ಹಾರ್ವರ್ಡ್’ ಎಂದರೆ ಯಾವ ವಿಶ್ವವಿದ್ಯಾಲಯದ ಹಾರ್ವರ್ಡ್ ಎಂದು ಮೊದಲೇ ಕೇಳಿಬಿಡಿ.

## ಒಂದು ನಮೂದನ್ನು ಬಿಡಿಸಿ ನೋಡೋಣ

ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಪ್ರಸಿದ್ಧ ಲೇಖನವೊಂದನ್ನು ತೆಗೆದುಕೊಳ್ಳೋಣ. ಇಂಗ್ಲಿಷ್ ಪ್ರಬಂಧದಲ್ಲಾದರೆ ಇದನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು. ಇಲ್ಲಿ ನೋಡಬೇಕಾದದ್ದು ಜೋಡಣೆ:

ಶ್ರೀನಿವಾಸ್, ಎಂ. ಎನ್. (1956). ಎ ನೋಟ್ ಆನ್ ಸಂಸ್ಕೃತೈಸೇಶನ್ ಆ್ಯಂಡ್ ವೆಸ್ಟರ್ನೈಸೇಶನ್. *ದಿ ಫಾರ್ ಈಸ್ಟರ್ನ್ ಕ್ವಾರ್ಟರ್ಲಿ*, *15*(4), 481–496. (ಇದರ ಮುಂದೆ ಡಿಒಐ, ಅಂದರೆ ಲೇಖನದ ಕಾಯಂ ಡಿಜಿಟಲ್ ಗುರುತುಸಂಖ್ಯೆಯ ಕೊಂಡಿ)

ಹೊಲದ ಪಹಣಿಯಲ್ಲಿ ಮಾಲೀಕರ ಹೆಸರು, ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್ ಇರುತ್ತವಲ್ಲ, ಇದೂ ಅದೇ ಬಗೆ. ಲೇಖಕರು ಮಾಲೀಕರು, ಜರ್ನಲ್ ಗ್ರಾಮ. 15(4) ಎಂಬುದನ್ನು ‘ಸರ್ವೆ ನಂಬರ್ 15, ಹಿಸ್ಸಾ 4’ ಎಂದು ಓದಿಕೊಳ್ಳಿ: 15 ಸಂಪುಟ, 4 ಸಂಚಿಕೆ. ಹಿಸ್ಸಾ ಬಿಟ್ಟ ಪಹಣಿ ಹಿಡಿದು ಹೋದರೆ ಯಾರದೋ ಹೊಲದಲ್ಲಿ ನಿಲ್ಲುತ್ತೀರಿ.

ಸಂಪುಟ ಎಂದರೆ ಸಾಮಾನ್ಯವಾಗಿ ಒಂದು ವರ್ಷದ ಸಂಚಿಕೆಗಳ ಕಟ್ಟು. ನಾಲ್ಕನೇ ಸಂಚಿಕೆಯ ಲೇಖನ 481ನೇ ಪುಟದಿಂದ ಏಕೆ ಆರಂಭವಾಗುತ್ತದೆ? ಮೊದಲ ಸಂಚಿಕೆಯಿಂದ ಕೊನೆಯದರವರೆಗೆ ಪುಟಸಂಖ್ಯೆ ಒಂದೇ ಸಮನೆ ಓಡುತ್ತದೆ, ಅದಕ್ಕೆ. ಇನ್ನೊಂದು ಸೂಕ್ಷ್ಮ: ಈ 15ನೇ ಸಂಪುಟದ ಮೊದಲ ಸಂಚಿಕೆ 1955ರ ನವೆಂಬರ್‌ನದು, ನಾಲ್ಕನೆಯದು 1956ರ ಆಗಸ್ಟ್‌ನದು. ಸಂಪುಟ ನೋಡಿ ವರ್ಷವನ್ನು ಊಹಿಸಿದರೆ ತಪ್ಪುವುದು ಇಂಥ ಕಡೆ. ವರ್ಷವನ್ನು ಸಂಚಿಕೆಯಿಂದಲೇ ತೆಗೆದುಕೊಳ್ಳಬೇಕು.

ಈ ಜರ್ನಲ್ ಮುಂದೆ ‘ದಿ ಜರ್ನಲ್ ಆಫ್ ಏಷ್ಯನ್ ಸ್ಟಡೀಸ್’ ಎಂದು ಹೆಸರು ಬದಲಿಸಿಕೊಂಡಿತು. ಹಾಗಾಗಿ ಕೆಲವು ಜಾಲತಾಣಗಳಲ್ಲಿ ಹಳೆಯ ಲೇಖನಗಳೂ ಹೊಸ ಹೆಸರಿನಡಿ ಕಾಣಿಸಬಹುದು. ಲೇಖನ ಅಚ್ಚಾದಾಗ ಜರ್ನಲ್‌ಗೆ ಯಾವ ಹೆಸರಿತ್ತೋ ಅದನ್ನೇ ಬರೆಯಿರಿ.

ಇನ್ನು ಚಿಹ್ನೆಗಳು. ವರ್ಷ ಕಂಸದಲ್ಲಿ, ನಂತರ ಪೂರ್ಣವಿರಾಮ. ಲೇಖನದ ಶೀರ್ಷಿಕೆಗೆ ಉದ್ಧರಣ ಚಿಹ್ನೆಯೂ ಬೇಡ, ಓರೆ ಅಕ್ಷರವೂ ಬೇಡ. ಜರ್ನಲ್ ಹೆಸರು ಮತ್ತು ಸಂಪುಟದ ಅಂಕಿ ಇಟಾಲಿಕ್, ಅಂದರೆ ಓರೆ ಅಕ್ಷರದಲ್ಲಿ. ಸಂಚಿಕೆಯ ಅಂಕಿಯೂ ಅದರ ಕಂಸವೂ ನೇರ ಅಕ್ಷರದಲ್ಲಿ. ಸಂಪುಟ–ಸಂಚಿಕೆಗಳ ನಡುವೆ ಜಾಗ ಬಿಡಬಾರದು. ಪುಟಗಳಿಗೆ ‘ಪು.’ ಎಂದು ಸೇರಿಸುವುದಿಲ್ಲ, ನಡುವೆ ಉದ್ದ ಗೆರೆ ಹಾಕಿದರೆ ಸಾಕು. ಇಂಗ್ಲಿಷಿನಲ್ಲಿ ಬರೆಯುವಾಗ ಲೇಖನದ ಶೀರ್ಷಿಕೆಯಲ್ಲಿ ಮೊದಲ ಪದ, ವಿವರಣಬಿಂದುವಿನ (:) ನಂತರದ ಪದ ಮತ್ತು ಅಂಕಿತನಾಮಗಳು ಮಾತ್ರ ದೊಡ್ಡಕ್ಷರದಿಂದ ಆರಂಭವಾಗುತ್ತವೆ. ಜರ್ನಲ್ ಹೆಸರಿನಲ್ಲಿ ಎಲ್ಲ ಮುಖ್ಯ ಪದಗಳೂ ದೊಡ್ಡಕ್ಷರದಿಂದ. ಕನ್ನಡದಲ್ಲಿ ದೊಡ್ಡಕ್ಷರ–ಚಿಕ್ಕಕ್ಷರದ ರಗಳೆ ಇಲ್ಲವಾದ್ದರಿಂದ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಈ ತಪ್ಪು ಬೇಗ ಬೀಳುವುದಿಲ್ಲ.

ನಮೂದಿನ ಮೊದಲ ಸಾಲು ಅಂಚಿಗೆ ತಾಗಿರಬೇಕು, ಉಳಿದ ಸಾಲುಗಳು ಅರ್ಧ ಇಂಚು ಒಳಗೆ. ಹೆಸರುಗಳು ಎಡಕ್ಕೆ ಚಾಚಿಕೊಂಡಿದ್ದರೆ ಪಟ್ಟಿಯಲ್ಲಿ ಹುಡುಕುವವರಿಗೆ ಸುಲಭ. ಸ್ಪೇಸ್‌ಬಾರ್ ಒತ್ತಿ ಇದನ್ನು ಮಾಡಲು ಹೋಗಬೇಡಿ, ಫಾಂಟ್ ಬದಲಾದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿ. ವರ್ಡ್‌ನ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ‘ಹ್ಯಾಂಗಿಂಗ್’ ಆಯ್ದುಕೊಳ್ಳಿ.

## ಯಾವುದು ಮನೆತನದ ಹೆಸರು? ನಮ್ಮವರದೇ ದೊಡ್ಡ ತೊಡಕು

ಈ ಪದ್ಧತಿ ಹುಟ್ಟಿದ್ದು ಪ್ರತಿಯೊಬ್ಬರಿಗೂ ಒಂದು ಮನೆತನದ ಹೆಸರು ಇದ್ದೇ ಇರುತ್ತದೆ ಎಂದು ನಂಬಿದ ನಾಡಿನಲ್ಲಿ. ನಮ್ಮಲ್ಲಿ ಹಾಗಿಲ್ಲ. ಹಳೆ ಮೈಸೂರು ಕಡೆ ಹೆಸರಿಗೆ ಮೊದಲು ಬರುವ ಇನಿಷಿಯಲ್‌ಗಳು ಸಾಮಾನ್ಯವಾಗಿ ಊರಿನದು, ತಂದೆಯದು. ಎಂ. ಎನ್. ಶ್ರೀನಿವಾಸ್ ಎಂದರೆ ಮೈಸೂರು ನರಸಿಂಹಾಚಾರ್ ಶ್ರೀನಿವಾಸ್. ‘ಶ್ರೀನಿವಾಸ್’ ಅವರಿಗಿಟ್ಟ ಸ್ವಂತ ಹೆಸರು. ಆದರೂ ಉಲ್ಲೇಖದಲ್ಲಿ ಅದೇ ಮುಂದೆ ಬರುತ್ತದೆ, ಏಕೆಂದರೆ ವಿದ್ವತ್ ಲೋಕ ಅವರನ್ನು ಗುರುತಿಸುವುದು ಆ ಹೆಸರಿನಿಂದ. ಉತ್ತರ ಕರ್ನಾಟಕದ ಕಡೆ ತನ್ನ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು. ‘ಬಸವರಾಜ ಶಿವಪ್ಪ ಹಿರೇಮಠ’ ಎಂಬ ಕಲ್ಪಿತ ಹೆಸರು ‘ಹಿರೇಮಠ, ಬಿ. ಎಸ್.’ ಆಗುತ್ತದೆ. ಇಲ್ಲಿ ಗೊಂದಲವಿಲ್ಲ.

ಗೊಂದಲ ಬರುವುದು ಇನಿಷಿಯಲ್ ಹೆಸರಿನ ಕೊನೆಗೆ ಹೋದಾಗ. ‘ಮಂಜುನಾಥ ಎಚ್. ಆರ್.’ ಎಂದು ಅಚ್ಚಾದ ಹೆಸರನ್ನು ಯಂತ್ರ ಓದುವುದು ಹೀಗೆ: ಕೊನೆಯಲ್ಲಿರುವುದೇ ಮನೆತನದ ಹೆಸರು, ಆದ್ದರಿಂದ ‘ಆರ್., ಎಂ. ಎಚ್.’! ವಾಕ್ಯದೊಳಗೆ ಅದು ‘(ಆರ್., 2021)’ ಆಗುತ್ತದೆ. ಸಾಫ್ಟ್‌ವೇರ್ ಕೊಟ್ಟಿದ್ದನ್ನು ಹಾಗೇ ಅಂಟಿಸಿದ ಪ್ರಬಂಧಗಳಲ್ಲಿ ಇಂಥ ಒಂಟಿ ಅಕ್ಷರದ ಲೇಖಕರು ಸಿಕ್ಕೇ ಸಿಗುತ್ತಾರೆ. ಸರಿಯಾದ ರೂಪ ‘ಮಂಜುನಾಥ, ಎಚ್. ಆರ್.’

ಅನುಮಾನ ಬಂದರೆ ಮೂರು ಕಡೆ ನೋಡಿ. ಲೇಖನದ ಮೊದಲ ಪುಟದಲ್ಲಿ ಹೆಸರು ಹೇಗೆ ಅಚ್ಚಾಗಿದೆ, ಅದೇ ಲೇಖಕರ ಬೇರೆ ಲೇಖನಗಳಲ್ಲಿ ಹೇಗಿದೆ, ಅವರ ಓರ್ಕಿಡ್ ಪುಟ (ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತುಸಂಖ್ಯೆಯ ಪುಟ) ಏನನ್ನುತ್ತದೆ. ಒಂದೇ ಹೆಸರಿದ್ದು ಇನಿಷಿಯಲ್ಲೇ ಇಲ್ಲದಿದ್ದರೆ ಆ ಒಂದನ್ನೇ ಬರೆಯಿರಿ, ಇಲ್ಲದ್ದನ್ನು ಸೇರಿಸಬೇಡಿ. ಡಾ., ಪ್ರೊ. ಎಂಬ ಪದವಿಗಳಿಗೆ ಇಲ್ಲಿ ಜಾಗವಿಲ್ಲ. ಗೈಡ್ ಬರೆದ ಲೇಖನವಾದರೂ ಇಲ್ಲ.

ಒಂದೇ ಹೆಸರಿನ ಹಲವರು ಇರುವುದು ಎರಡನೇ ತೊಡಕು. ರಾವ್, ಪಾಟೀಲ, ಗೌಡ, ಕುಮಾರ್ ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಪಟ್ಟಿಯಲ್ಲಿ ಇಬ್ಬರು ಬೇರೆ ಬೇರೆ ಪಾಟೀಲರಿದ್ದರೆ, ವರ್ಷಗಳು ಬೇರೆಯಾಗಿದ್ದರೂ ವಾಕ್ಯದೊಳಗೆ ಇನಿಷಿಯಲ್ ಸೇರಿಸಬೇಕು: (ಎಸ್. ಪಾಟೀಲ, 2015; ವಿ. ಪಾಟೀಲ, 2018). ಒಬ್ಬರೇ ಒಂದೇ ವರ್ಷ ಎರಡು ಲೇಖನ ಬರೆದಿದ್ದರೆ ವರ್ಷಕ್ಕೆ ಅಕ್ಷರ ಅಂಟಿಸಿ: 2019ಎ, 2019ಬಿ. ಯಾವುದಕ್ಕೆ ‘ಎ’ ಎಂಬುದನ್ನು ಶೀರ್ಷಿಕೆಯ ಅಕ್ಷರಕ್ರಮ ನಿರ್ಧರಿಸುತ್ತದೆ. ನೀವು ಯಾವುದನ್ನು ಮೊದಲು ಓದಿದಿರಿ ಎಂಬುದಲ್ಲ.

## ವಾಕ್ಯದೊಳಗೆ ಹೇಗೆ ಬರಬೇಕು?

ಎರಡು ದಾರಿ. ಹೆಸರು ವಾಕ್ಯದ ಭಾಗವಾಗಿದ್ದರೆ ವರ್ಷ ಮಾತ್ರ ಕಂಸದಲ್ಲಿ: ‘ಶ್ರೀನಿವಾಸ್ (1956) ಅವರು ಈ ಪರಿಕಲ್ಪನೆಯನ್ನು ಮತ್ತೆ ಪರಿಶೀಲಿಸಿದರು.’ ಇಲ್ಲದಿದ್ದರೆ ಎರಡೂ ಕಂಸದಲ್ಲಿ, ವಾಕ್ಯದ ಪೂರ್ಣವಿರಾಮಕ್ಕೆ ಮೊದಲು: ‘… ಎಂಬ ವಾದವಿದೆ (ಶ್ರೀನಿವಾಸ್, 1956).’

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ಕಷ್ಟವಿದೆ. ವಿಭಕ್ತಿ ಪ್ರತ್ಯಯ ಎಲ್ಲಿಗೆ ಹೋಗಬೇಕು? ‘(ಶ್ರೀನಿವಾಸ್, 1956)ರವರ ಪ್ರಕಾರ’ ಎಂದು ಕಂಸಕ್ಕೆ ಬಾಲ ಅಂಟಿಸುವುದು ಕಣ್ಣಿಗೂ ಕಿವಿಗೂ ಒಗ್ಗುವುದಿಲ್ಲ. ‘ಶ್ರೀನಿವಾಸ್ (1956) ಅವರ ಪ್ರಕಾರ’ ಎಂದರೆ ಹೆಸರಿನ ಪಕ್ಕದಲ್ಲೇ ವರ್ಷ ಉಳಿಯುತ್ತದೆ, ಪ್ರತ್ಯಯವನ್ನು ‘ಅವರು’ ಹೊತ್ತುಕೊಳ್ಳುತ್ತದೆ. ಬಹುವಚನದ ಗೌರವವೂ ಉಳಿಯಿತು, ವ್ಯಾಕರಣವೂ ಉಳಿಯಿತು.

ಯಥಾವತ್ತಾಗಿ ಎತ್ತಿಕೊಂಡರೆ ಉದ್ಧರಣ ಚಿಹ್ನೆಯ ಜೊತೆಗೆ ಪುಟಸಂಖ್ಯೆ ಬೇಕೇ ಬೇಕು: (ಶ್ರೀನಿವಾಸ್, 1956, ಪು. 481). ಪಟ್ಟಿಯಲ್ಲಿ ಬೇಡವೆಂದ ‘ಪು.’ ಇಲ್ಲಿ ಬೇಕು. ನಲವತ್ತು ಪದ ಅಥವಾ ಅದಕ್ಕಿಂತ ಹೆಚ್ಚಾದರೆ ಉದ್ಧರಣ ಚಿಹ್ನೆ ತೆಗೆದು ಇಡೀ ಭಾಗವನ್ನು ಅರ್ಧ ಇಂಚು ಒಳಕ್ಕೆ ಸರಿಸಬೇಕು. ನಿಮ್ಮ ಮಾತಿನಲ್ಲಿ ಸಾರ ಹೇಳಿದ್ದರೆ ಪುಟಸಂಖ್ಯೆ ಕಡ್ಡಾಯವಲ್ಲ. ಆದರೆ ನಾಲ್ಕು ಪದ ಬದಲಿಸಿ ಕೊನೆಯಲ್ಲಿ ಹೆಸರು–ವರ್ಷ ಹಾಕಿದರೆ ಅದು ಸಾರವೂ ಅಲ್ಲ, ಉದ್ಧರಣೆಯೂ ಅಲ್ಲ. ಹೋಲಿಕೆ ತಂತ್ರಾಂಶ ಹಿಡಿಯುವುದು ಹೆಚ್ಚಾಗಿ ಇಂಥ ಸಾಲುಗಳನ್ನೇ.

ಉದ್ದದ ಪ್ಯಾರಾ ಬರೆದು ಕಟ್ಟಕಡೆಗೆ ಒಂದೇ ಕಂಸ ಹಾಕುವುದು ನಮ್ಮಲ್ಲಿ ಬಹಳ ಸಾಮಾನ್ಯ. ಕೊನೆಯ ವಾಕ್ಯ ಮಾತ್ರ ಶ್ರೀನಿವಾಸರದೋ, ಇಡೀ ಪ್ಯಾರಾ ಅವರದೋ ಓದುಗನಿಗೆ ತಿಳಿಯುವುದಿಲ್ಲ. ಮೊದಲ ವಾಕ್ಯದಲ್ಲೇ ಹೆಸರು–ವರ್ಷ ಹೇಳಿ ಮುಂದುವರಿಯಿರಿ, ಹೊಸ ಪ್ಯಾರಾದಲ್ಲಿ ಮತ್ತೊಮ್ಮೆ ಹೇಳಿ.

ಇಬ್ಬರು ಲೇಖಕರಿದ್ದರೆ ಪ್ರತಿ ಸಲವೂ ಇಬ್ಬರ ಹೆಸರೂ ಬರಬೇಕು. 1928ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಬೆಳಕಿನ ಹೊಸ ಬಗೆಯ ಚದುರುವಿಕೆಯ ಲೇಖನ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಇಬ್ಬರದು. ಅದನ್ನು ‘(ರಾಮನ್, 1928)’ ಎಂದರೆ ತಪ್ಪು. ಕಂಸದೊಳಗೆ ‘(ರಾಮನ್ & ಕೃಷ್ಣನ್, 1928)’, ವಾಕ್ಯದಲ್ಲಿ ‘ರಾಮನ್ ಮತ್ತು ಕೃಷ್ಣನ್ (1928)’. ಮೂವರು ಅಥವಾ ಹೆಚ್ಚು ಮಂದಿ ಇದ್ದರೆ ಮೊದಲ ಸಲದಿಂದಲೇ ಮೊದಲಿಗರ ಹೆಸರು ಹಾಕಿ ‘ಮತ್ತಿತರರು’ ಎನ್ನಿ. ಇಂಗ್ಲಿಷಿನಲ್ಲಿ ‘ಎಟ್ ಆಲ್.’ ಎಂದು ಬರೆದು, ‘ಆಲ್’ ನಂತರ ಮಾತ್ರ ಚುಕ್ಕಿ ಇಡುತ್ತಾರೆ. ಈ ಮೊಟಕುಗೊಳಿಸುವಿಕೆ ವಾಕ್ಯಕ್ಕೆ ಮಾತ್ರ. ಪಟ್ಟಿಯಲ್ಲಿ 20 ಲೇಖಕರವರೆಗೆ ಎಲ್ಲರ ಹೆಸರೂ ಬರಬೇಕು, 21 ಅಥವಾ ಹೆಚ್ಚಿದ್ದರೆ ಮೊದಲ 19, ನಂತರ ಮೂರು ಚುಕ್ಕಿ, ನಂತರ ಕೊನೆಯವರು. ಹಳೆಯ 6ನೇ ಆವೃತ್ತಿಯಲ್ಲಿ ಈ ಲೆಕ್ಕ ಬೇರೆ ಇತ್ತು. ಸೀನಿಯರ್ ಕೊಟ್ಟ ಮಾದರಿ ಪ್ರಬಂಧ ನೋಡಿ ನಕಲು ಮಾಡುವವರು ಎಡವುವುದು ಇಲ್ಲೇ.

## ಡಿಒಐ: ಲೇಖನದ ಆಧಾರ್ ನಂಬರ್

ಮನೆ ಬದಲಾದರೂ ಆಧಾರ್ ನಂಬರ್ ಬದಲಾಗುವುದಿಲ್ಲ. ಜರ್ನಲ್ ಪ್ರಕಾಶಕರಿಂದ ಪ್ರಕಾಶಕರಿಗೆ ಕೈಬದಲಾದರೂ, ಜಾಲತಾಣದ ವಿಳಾಸ ಬದಲಾದರೂ ಡಿಒಐ ಹಾಗೆಯೇ ಉಳಿಯುತ್ತದೆ. ಅದು ಯಾವಾಗಲೂ 10ರಿಂದ ಆರಂಭವಾಗುತ್ತದೆ. ಶ್ರೀನಿವಾಸರ ಲೇಖನದ್ದು 10.2307/2941919. ಓರೆಗೆರೆಯ ಹಿಂದಿನದು ಅದನ್ನು ನೋಂದಾಯಿಸಿದ ಸಂಸ್ಥೆಯ ಗುರುತು, ಮುಂದಿನದು ಲೇಖನದ್ದು. ಪಟ್ಟಿಯಲ್ಲಿ ಬರಿ ಅಂಕಿ ಬರೆಯದೆ, ‘ಡಿಒಐ ಡಾಟ್ ಆರ್ಗ್’ ವಿಳಾಸದ ಮುಂದೆ ಇದನ್ನು ಸೇರಿಸಿ ಪೂರ್ತಿ ಕೊಂಡಿಯಾಗಿ ಬರೆಯಬೇಕು. ಕೊಂಡಿಯ ಕೊನೆಗೆ ಪೂರ್ಣವಿರಾಮ ಹಾಕಬಾರದು. ಹಾಕಿದರೆ ಆ ಚುಕ್ಕಿಯೂ ವಿಳಾಸದ ಭಾಗವೆಂದು ತಿಳಿದು ಕೊಂಡಿ ಕೆಡಬಹುದು.

ಡಿಒಐ ಇಲ್ಲದ ಲೇಖನವನ್ನು ಗ್ರಂಥಾಲಯದ ಡೇಟಾಬೇಸ್‌ನಲ್ಲಿ ಓದಿದ್ದರೆ ಪುಟಸಂಖ್ಯೆಗೇ ನಿಲ್ಲಿಸಿ. ಲಾಗಿನ್ ಇಲ್ಲದೆ ತೆರೆಯದ ಆ ಉದ್ದುದ್ದ ವಿಳಾಸದಿಂದ ಯಾರಿಗೂ ಉಪಯೋಗವಿಲ್ಲ. ಜರ್ನಲ್‌ನ ಸ್ವಂತ ತಾಣದಲ್ಲಿ ಮುಕ್ತವಾಗಿ ಸಿಕ್ಕಿದ್ದರೆ ಆ ವಿಳಾಸ ಕೊಡಿ.

ಆನ್‌ಲೈನ್‌ನಲ್ಲಿ ಮಾತ್ರ ಬರುವ ಎಷ್ಟೋ ಜರ್ನಲ್‌ಗಳಿಗೆ ಓಡುವ ಪುಟಸಂಖ್ಯೆ ಇಲ್ಲ, ‘ಪ್ಲಾಸ್ ಒನ್’ ಅಂಥದ್ದು. ಪಿಡಿಎಫ್ ಮೇಲಿರುವ 1–14 ನೋಡಿ ಅದನ್ನೇ ಪುಟವೆಂದು ಬರೆಯುತ್ತಾರೆ. ಅಂಥ ಕಡೆ ಪುಟದ ಜಾಗದಲ್ಲಿ ‘ಆರ್ಟಿಕಲ್’ ಎಂಬ ಪದ ಮತ್ತು ಲೇಖನದ ಸಂಖ್ಯೆ ಬರಬೇಕು.

## ಓದಿದ್ದು ಒಂದು, ಹೇಳಿದ್ದು ಇನ್ನೊಂದು

ಶ್ರೀನಿವಾಸರ ಈ ಲೇಖನ 1962ರಲ್ಲಿ ಅವರ ಪ್ರಬಂಧಗಳ ಸಂಕಲನದಲ್ಲೂ ಸೇರಿತು. ನೀವು ಓದಿದ್ದು ಆ ಪುಸ್ತಕದಲ್ಲಾದರೆ ಜರ್ನಲ್‌ನ ಪುಟಸಂಖ್ಯೆ ಕೊಡುವಂತಿಲ್ಲ, ಎರಡರ ಪುಟಗಳೂ ಬೇರೆ. ಪುಸ್ತಕವನ್ನೇ ಪಟ್ಟಿಗೆ ಸೇರಿಸಿ ವಾಕ್ಯದಲ್ಲಿ (ಶ್ರೀನಿವಾಸ್, 1956/1962) ಎನ್ನಬೇಕು. ಮೊದಲಿನದು ಮೂಲ ವರ್ಷ, ಎರಡನೆಯದು ನಿಮ್ಮ ಕೈಯಲ್ಲಿರುವ ಪ್ರತಿಯ ವರ್ಷ.

ಮೂಲವನ್ನು ಓದಿಯೇ ಇಲ್ಲ, ಇನ್ನೊಬ್ಬರ ಲೇಖನದಲ್ಲಿ ಅದರ ಪ್ರಸ್ತಾಪ ನೋಡಿದ್ದು ಎಂದಾದರೆ ಹಾಗೆಯೇ ಹೇಳಿ: (ಶ್ರೀನಿವಾಸ್, 1956, ಉಲ್ಲೇಖ: ಹಿರೇಮಠ, 2010). ಪಟ್ಟಿಯಲ್ಲಿ ಬರುವುದು ಹಿರೇಮಠರ ಲೇಖನ ಮಾತ್ರ. ಓದದ ಮೂಲವನ್ನು ಪಟ್ಟಿಗೆ ಸೇರಿಸಿದವರು ಹಿರೇಮಠರು ಮಾಡಿದ ಪುಟಸಂಖ್ಯೆಯ ತಪ್ಪನ್ನೂ ಸಮೇತ ಹೊತ್ತು ತರುತ್ತಾರೆ, ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೂ ಹಾಗೆಯೇ.

ಇಂಗ್ಲಿಷ್ ಪ್ರಬಂಧದಲ್ಲಿ ಕನ್ನಡ ಲೇಖನವನ್ನು ಉಲ್ಲೇಖಿಸುವಾಗ ಶೀರ್ಷಿಕೆಯನ್ನು ರೋಮನ್ ಲಿಪಿಗೆ ತಂದು, ಅದರ ಮುಂದೆ ಚೌಕ ಕಂಸದಲ್ಲಿ ಇಂಗ್ಲಿಷ್ ಅನುವಾದ ಕೊಡಬೇಕು. ಪತ್ರಿಕೆಯ ಹೆಸರನ್ನು ಅನುವಾದಿಸಬಾರದು. ‘ಪ್ರಬುದ್ಧ ಕರ್ನಾಟಕ’ ರೋಮನ್ ಲಿಪಿಯಲ್ಲೂ ಪ್ರಬುದ್ಧ ಕರ್ನಾಟಕವೇ. ಅದನ್ನು ಇಂಗ್ಲಿಷಿಗೆ ತಿರುಗಿಸಿದರೆ ಯಾವ ಗ್ರಂಥಾಲಯದ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ.

## ಸಾಫ್ಟ್‌ವೇರ್ ಕೊಟ್ಟಿದ್ದನ್ನು ನಂಬಬಹುದೇ?

ಗೂಗಲ್ ಸ್ಕಾಲರ್‌ನಲ್ಲಿ ‘ಸೈಟ್’ ಒತ್ತಿದರೆ ಎಪಿಎ ರೂಪ ಸಿದ್ಧವಾಗಿ ಸಿಗುತ್ತದೆ. ಅದರಲ್ಲಿ ಡಿಒಐ ಇರುವುದಿಲ್ಲ. ಕೆಲವೊಮ್ಮೆ ಸಂಚಿಕೆ ಬಿಟ್ಟುಹೋಗಿರುತ್ತದೆ, ಹಳೆಯ ಲೇಖನಗಳ ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿರುತ್ತದೆ. ಜೊಟೆರೊ, ಮೆಂಡೆಲೆಯಂಥ ತಂತ್ರಾಂಶಗಳು ಇದಕ್ಕಿಂತ ಮೇಲು, ಜೊಟೆರೊ ಉಚಿತವೂ ಹೌದು. ಆದರೆ ಅವು ಹಿಟ್ಟಿನ ಗಿರಣಿ ಇದ್ದ ಹಾಗೆ, ಹಾಕಿದ ಕಾಳಿನಲ್ಲಿ ಕಲ್ಲಿದ್ದರೆ ಹಿಟ್ಟಿನಲ್ಲೂ ಕಲ್ಲು. ಲೇಖನ ಸೇರಿಸಿದ ಕೂಡಲೇ ಲೇಖಕರ ಹೆಸರು ಸರಿಯಾದ ಎರಡು ಖಾನೆಗಳಲ್ಲಿ ಕೂತಿದೆಯೇ, ಸಂಪುಟ–ಸಂಚಿಕೆ ಇವೆಯೇ ನೋಡಿಬಿಡಿ. ಜೊಟೆರೊದಲ್ಲಿ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ದೊಡ್ಡಕ್ಷರಗಳನ್ನು ‘ಸೆಂಟೆನ್ಸ್ ಕೇಸ್’ಗೆ ತಿರುಗಿಸುವ ಆಯ್ಕೆ ಇದೆ. ತಿರುಗಿಸಿದ ಮೇಲೆ ಊರು, ದೇಶ, ವ್ಯಕ್ತಿಗಳ ಹೆಸರುಗಳ ಮೊದಲಕ್ಷರವನ್ನು ಕೈಯಿಂದ ಸರಿಪಡಿಸಬೇಕಾಗಬಹುದು.

ಚಾಟ್‌ಬಾಟ್‌ಗಳ ಕಥೆ ಬೇರೆ. ‘ಈ ವಿಷಯದ ಮೇಲೆ ಹತ್ತು ರೆಫರೆನ್ಸ್ ಕೊಡು’ ಎಂದರೆ ಅವು ನಿಜವಾದ ಲೇಖಕರ ಹೆಸರು, ನಿಜವಾದ ಜರ್ನಲ್, ನಂಬುವಂಥ ಶೀರ್ಷಿಕೆ ಎಲ್ಲ ಜೋಡಿಸಿ ಯಾರೂ ಬರೆಯದ ಲೇಖನವನ್ನು ಸೃಷ್ಟಿಸಿಕೊಡಬಲ್ಲವು. ಚಿಹ್ನೆ, ಕಂಸ ಎಲ್ಲ ಅಚ್ಚುಕಟ್ಟಾಗಿರುವುದರಿಂದ ಕಣ್ಣಿಗೆ ಅನುಮಾನವೇ ಬರುವುದಿಲ್ಲ. ಪರೀಕ್ಷೆ ಸುಲಭ. ಡಿಒಐ ಕೊಂಡಿ ಒತ್ತಿ. ಅದು ತೆರೆಯದಿದ್ದರೆ, ಅಥವಾ ತೆರೆದು ಬೇರೆ ಲೇಖನಕ್ಕೆ ಹೋದರೆ, ಜರ್ನಲ್‌ನ ತಾಣಕ್ಕೆ ಹೋಗಿ ಆ ಸಂಪುಟ, ಆ ಸಂಚಿಕೆಯ ಪರಿವಿಡಿ ತೆಗೆದು ಆ ಪುಟದಲ್ಲಿ ಏನಿದೆ ನೋಡಿ. ಅಲ್ಲಿ ಬೇರೆಯವರ ಲೇಖನವಿದ್ದರೆ ನಿಮ್ಮ ಪಟ್ಟಿಯ ಆ ನಮೂದನ್ನು ಅಳಿಸಿ, ಅದನ್ನು ನಂಬಿ ಬರೆದ ವಾಕ್ಯವನ್ನೂ ಅಳಿಸಿ.

ಸಲ್ಲಿಸುವ ಮುನ್ನ ಪಟ್ಟಿಯನ್ನು ಪ್ರಿಂಟ್ ತೆಗೆದಿಟ್ಟುಕೊಂಡು ಫೈಲಿನಲ್ಲಿ ಒಂದೊಂದೇ ಹೆಸರನ್ನು ಕಂಟ್ರೋಲ್–ಎಫ್ ಒತ್ತಿ ಹುಡುಕಿ, ಸಿಕ್ಕಿದ್ದಕ್ಕೆ ಟಿಕ್ ಹಾಕುತ್ತ ಬನ್ನಿ. ಆಮೇಲೆ ತೆರೆಯುವ ಕಂಸದ ಚಿಹ್ನೆಯನ್ನೇ ಹುಡುಕುತ್ತ ಮೊದಲ ಪುಟದಿಂದ ಕೊನೆಯವರೆಗೆ ಹೋಗಿ, ಅಲ್ಲಿರುವ ಹೆಸರು, ವರ್ಷ, ಕಾಗುಣಿತವನ್ನು ಪಟ್ಟಿಯೊಂದಿಗೆ ತಾಳೆ ನೋಡಿ. ಒಂದು ಕಡೆ ‘ಹಿರೇಮಠ’, ಇನ್ನೊಂದು ಕಡೆ ‘ಹಿರೇಮಠ್’, ಒಂದು ಕಡೆ 2010, ಇನ್ನೊಂದು ಕಡೆ 2011 ಸಿಕ್ಕರೆ ಪಟ್ಟಿಯನ್ನೂ ನಂಬಬೇಡಿ, ವಾಕ್ಯವನ್ನೂ ನಂಬಬೇಡಿ, ಲೇಖನದ ಮೊದಲ ಪುಟವನ್ನೇ ತೆರೆದು ನೋಡಿ.